ಬಿಟ್ಟು ಎದ್ದವರ ಲೆಕ್ಕ

ಟಿವಿಯ ‘ಕೌನ್ ಬನೇಗಾ ಕರೋಡ್‌ಪತಿ’ ಕ್ವಿಜ್‌ನಲ್ಲಿ ಹನ್ನೊಂದನೇ ಪ್ರಶ್ನೆ ದಾಟಿತು ಅಂದರೆ ನಮ್ಮ ಮನೆಯಲ್ಲಿ ಉತ್ತರ ಕೂಗುವವರು ಯಾರೂ ಇರುವುದಿಲ್ಲ. ಅಲ್ಲಿಯವರೆಗೆ ಗದ್ದಲವೋ ಗದ್ದಲ. ಹಾಡಿನ ತುಣುಕು ಕೇಳಿಸಿ ಸಿನಿಮಾ ಯಾವುದು ಅಂದರೆ ನನ್ನ ಗಂಡ, ಪುರಾಣ ಅಂದರೆ ಅತ್ತೆ, ಕ್ರಿಕೆಟ್ ಅಂದರೆ ಮಾವ, ಯಾವುದೋ ಆ್ಯಪಿನ ಲಾಂಛನ ತೋರಿಸಿದರೆ ಮಗ. ಬಜೆಟ್ಟು, ಬ್ಯಾಂಕು, ಸಂವಿಧಾನದ ವಿಧಿಗಳು ನನ್ನ ಪಾಲಿಗೆ. ಕುಕ್ಕರಿನ ಸೀಟಿಯ ನಡುವೆ ಅಡುಗೆಮನೆಯಿಂದಲೇ ‘ಬಿ, ಬಿ’ ಎಂದು ಕೂಗಿ ಗೆದ್ದದ್ದೂ ಇದೆ, ನಗೆಪಾಟಲಾದದ್ದೂ ಇದೆ. ಆಮೇಲೆ ಪ್ರಶ್ನೆಗಳು ನಮ್ಮ ಕೈಗೆ ಎಟುಕದಷ್ಟು ಮೇಲೆ ಹೋಗುತ್ತವೆ. ಆಗ ಉತ್ತರ ಯಾವುದು ಅನ್ನುವುದು ಬದಿಗೆ ಸರಿದು, ಹಾಟ್ ಸೀಟಿನಲ್ಲಿ ಕೂತ ಆ ಮನುಷ್ಯ ಮುಂದೆ ಆಡುತ್ತಾನೋ, ಗೆದ್ದಷ್ಟನ್ನು ಹಿಡಿದುಕೊಂಡು ಆಟ ಬಿಡುತ್ತಾನೋ ಅನ್ನುವುದಷ್ಟೇ ಉಳಿಯುತ್ತದೆ. ಈ ಕಾರ್ಯಕ್ರಮವನ್ನು ನಾನು ಬಿಡದೆ ನೋಡಿಕೊಂಡು ಬಂದಿರುವುದು ಇದಕ್ಕಾಗಿ. ಗೆದ್ದವರ ಹೆಸರನ್ನು ಪೇಪರಿನವರು ಬರೆದಿಡುತ್ತಾರೆ. ಸರಿಯಾದ ಹೊತ್ತಿಗೆ ಬಿಟ್ಟು ಎದ್ದವರ ಲೆಕ್ಕ ಇಡುವವರು ಕಡಿಮೆ.

ಕಡಿಮೆ, ಆದರೆ ಮುಂಬಯಿ ಪಕ್ಕದ ಡೊಂಬಿವಿಲಿಯ ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ. ನನ್ನ ಮಾವ ಹಾವೇರಿ ಕಡೆಯವರು, ಮಾಟುಂಗಾದ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಪ್ರತಿ ವರ್ಷ ಯಾರಾದರೂ ಒಬ್ಬರು ಎಲ್‌ಐಸಿ ಏಜೆಂಟರು ಡೈರಿ ಕೊಡುತ್ತಾರಲ್ಲ, ಅದರಲ್ಲಿ ಅವರು ಸ್ಪರ್ಧಿಗಳ ಪಟ್ಟಿ ಬರೆಯುತ್ತಾರೆ. ಸ್ಕೇಲ್ ಇಟ್ಟು ಗೆರೆ ಎಳೆದ ಕಾಲಮ್ಮುಗಳು, ವರ್ಕ್‌ಶಾಪಿನ ಜಾಬ್ ಕಾರ್ಡಿನದೇ ಶಿಸ್ತು. ಮೊದಲ ಕಾಲಮ್ಮಿನಲ್ಲಿ ಹೆಸರು, ಆಮೇಲೆ ಊರು, ಉದ್ಯೋಗ, ಎಷ್ಟಕ್ಕೆ ನಿಂತ ಅನ್ನುವ ಮೊತ್ತ. ಅದರ ಮುಂದೆ ಒಂದು ಅಕ್ಷರ: ‘ಬಿ’ ಅಂದರೆ ಬಿಟ್ಟ, ‘ತ’ ಅಂದರೆ ತಪ್ಪಿದ. ಕೊನೆಯದು ಷರಾ. ಅಲ್ಲಿ ಸಾಮಾನ್ಯವಾಗಿ ಒಂದು ಪದಕ್ಕಿಂತ ಹೆಚ್ಚು ಬರೆಯುವುದಿಲ್ಲ. ‘ಶ್ಯಾಣ್ಯಾ’, ‘ಅವಸರ’, ‘ಪಾಪ’, ‘ಬಡಾಯಿ’, ಒಮ್ಮೊಮ್ಮೆ ಬರೀ ಒಂದು ಆಶ್ಚರ್ಯಸೂಚಕ. ಉತ್ತರಕ್ಕೆ ಸಹಾಯ ಕೊಡುವ ಮೂರು ಲೈಫ್‌ಲೈನ್‌ಗಳನ್ನೂ ಹತ್ತು ಸಾವಿರದ ಒಳಗೆ ಮುಗಿಸಿಕೊಂಡ ಒಬ್ಬ ಎಂಜಿನಿಯರ್ ಹುಡುಗನ ಮುಂದೆ ‘ಲಗ್ನ ಆಗಿಲ್ಲ’ ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ. ಅದೇನು ಸಂಬಂಧವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಸ್ಪರ್ಧಿ ಯೋಚಿಸುತ್ತ ಕೂತಾಗ ಮಾವ ಟಿವಿಯ ಜೊತೆ ಮಾತಾಡುತ್ತಾರೆ. “ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಾಕ ಏನ್ ಧಾಡಿ ಇವಂಗ? ಬಿಡೋ ತಮ್ಮಾ, ಬಿಡು.” ತಮ್ಮ ಬಿಡುವುದಿಲ್ಲ. ‘ಸರ್, ರಿಸ್ಕ್ ಲೂಂಗಾ’ ಅನ್ನುತ್ತಾನೆ. ಮಾವ ಪೆನ್ನಿನ ಮುಚ್ಚಳ ತೆಗೆದು ‘ತ’ ಬರೆಯಲು ತಯಾರಾಗುತ್ತಾರೆ.

ನಾನು ಒಂದು ಆಡಿಟ್ ಕಚೇರಿಯಲ್ಲಿ ಕೆಲಸ ಮಾಡುವವಳು. ಇನ್ನೊಬ್ಬರ ದುಡ್ಡಿನ ಲೆಕ್ಕ ನೋಡಿ ನೋಡಿ ಟಿವಿಯಲ್ಲಿ ಬರುವ ಚೆಕ್ಕಿಗೂ ಮನಸ್ಸು ತಾನಾಗಿಯೇ ಟಿಡಿಎಸ್ ಕಳೆಯುತ್ತದೆ. ಆದ್ದರಿಂದ ಈ ಆಡುವ-ಬಿಡುವ ವಿಷಯವನ್ನು ಕಾಗದದ ಮೇಲೆ ಹಾಕಿ ನೋಡಿದೆ. 2000ನೇ ಇಸವಿಯ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ಶುರುವಾದಾಗ ಇದ್ದದ್ದು ಹದಿನೈದು ಪ್ರಶ್ನೆ, ಕೊನೆಗೆ ಒಂದು ಕೋಟಿ. ಐದನೆಯದಕ್ಕೆ 10,000 ಒಂದು ಪಡಾವು, ಹತ್ತನೆಯದಕ್ಕೆ 3,20,000 ಇನ್ನೊಂದು. ಪಡಾವು ಮುಟ್ಟಿದ ಮೇಲೆ ಮುಂದೆ ತಪ್ಪಿದರೂ ಆ ಮೊತ್ತಕ್ಕಿಂತ ಕೆಳಗೆ ಬೀಳುವುದಿಲ್ಲ. ಆಮೇಲೆ ಸೀಸನ್ನಿಂದ ಸೀಸನ್ನಿಗೆ ಮೇಲಿನ ಮೊತ್ತಗಳು ಬದಲಾದವು: ಎರಡು ಕೋಟಿ, ಐದು ಕೋಟಿ, ಏಳು ಕೋಟಿ. ನಾನು ಲೆಕ್ಕಕ್ಕೆ ಹಿಡಿದದ್ದು ಹದಿನೈದನೆಯದಕ್ಕೆ ಒಂದು ಕೋಟಿ, ಹದಿನಾರನೆಯದಕ್ಕೆ ಏಳು ಕೋಟಿ ಇದ್ದ 2019ರ ಏಣಿಯನ್ನು.

ಹನ್ನೊಂದನೇ ಪ್ರಶ್ನೆಯನ್ನು ಬಿಡುವುದರಲ್ಲಿ ಅರ್ಥವೇ ಇಲ್ಲ. ಕೈಯಲ್ಲಿರುವುದು 3,20,000, ತಪ್ಪಿದರೂ ಸಿಗುವುದು ಅಷ್ಟೇ. ಕಣ್ಣುಮುಚ್ಚಿ ಯಾವುದೋ ಒಂದು ಅಕ್ಷರ ಹೇಳಿದರೂ ನಷ್ಟವಿಲ್ಲ. ನಿಜವಾದ ಪೇಚು ಇರುವುದು ಮೇಲೆ. ಕೈಯಲ್ಲಿ 50 ಲಕ್ಷ ಇದೆ, ಎದುರಿಗೆ ಒಂದು ಕೋಟಿಯ ಪ್ರಶ್ನೆ. ಏನೂ ಗೊತ್ತಿಲ್ಲದೆ ನಾಲ್ಕರಲ್ಲಿ ಒಂದಕ್ಕೆ ಕೈ ಹಾಕಿದರೆ ಸರಾಸರಿ ಬೆಲೆ 27.4 ಲಕ್ಷ. ಮೂರ್ಖತನ. ಎರಡು ಆಯ್ಕೆ ತಪ್ಪು ಅನ್ನುವುದು ಖಾತ್ರಿಯಾಗಿ ಇನ್ನೆರಡರಲ್ಲಿ ಅನುಮಾನ ಉಳಿದಿದ್ದರೆ 51.6 ಲಕ್ಷ. ಅಂದರೆ ಒಂದೂವರೆ ಲಕ್ಷದ ಆಸೆಗೆ ನಲವತ್ತಾರು ಲಕ್ಷವನ್ನು ಪಣಕ್ಕಿಡಬೇಕು. ಅಲ್ಲಿಯೂ ಬಿಟ್ಟು ಏಳುವವನೇ ಜಾಣ.

ಏಳು ಕೋಟಿಯ ಪ್ರಶ್ನೆಯಲ್ಲಿ ಮಾತ್ರ ಗಣಿತ ತಿರುಗಿ ನಿಲ್ಲುತ್ತದೆ. ಕೈಯಲ್ಲಿ ಒಂದು ಕೋಟಿ. ಉತ್ತರ ಚೂರೂ ಗೊತ್ತಿಲ್ಲ. ಆದರೂ ನಾಲ್ಕರಲ್ಲಿ ಒಂದಕ್ಕೆ ಗುರಿಯಿಟ್ಟರೆ ಸರಾಸರಿ 177.4 ಲಕ್ಷ, ಹೆಚ್ಚುಕಡಿಮೆ ಕೈಯಲ್ಲಿರುವುದರ ಒಂದೂಮುಕ್ಕಾಲು ಪಟ್ಟು. ತೆರಿಗೆ ಕಳೆದು ನೋಡೋಣ ಅಂದರೆ ಹಾಗೂ ನೋಡಿದೆ. ಇಂಥ ಬಹುಮಾನಕ್ಕೆ ನೇರ 30%, ಮೇಲೆ ಸರ್‌ಚಾರ್ಜು, ಸೆಸ್ಸು. 2019ರ ಬಜೆಟ್ಟು ಐದು ಕೋಟಿ ದಾಟಿದ ಆದಾಯದ ಸರ್‌ಚಾರ್ಜನ್ನು 37%ಗೆ ಏರಿಸಿತು. ಅದರಂತೆ ಏಳು ಕೋಟಿ ಗೆದ್ದವರ ಕೈಗೆ ಬರುವುದು ಸುಮಾರು ನಾಲ್ಕು ಕೋಟಿ, ಒಂದು ಕೋಟಿ ಗೆದ್ದವರಿಗೆ ಸುಮಾರು 65 ಲಕ್ಷ. ಹಾಗೆ ನೋಡಿದರೂ ಕಣ್ಣುಮುಚ್ಚಿ ಆಡುವುದರ ಬೆಲೆ ಒಂದು ಕೋಟಿಯ ಆಸುಪಾಸು. ಆಡಬೇಕು ಅನ್ನುತ್ತದೆ ಗಣಿತ.

ಆದರೆ ಅಲ್ಲಿಯವರೆಗೆ ಹೋದವರಲ್ಲಿ ಬಹಳ ಮಂದಿ ಆಡುವುದಿಲ್ಲ. ‘ಸರ್, ಮೈ ಕ್ವಿಟ್ ಕರನಾ ಚಾಹೂಂಗೀ’ ಎಂದು ಕೈ ಮುಗಿಯುತ್ತಾರೆ. ನನ್ನ ಕಾಗದದ ಲೆಕ್ಕವೇ ದಡ್ಡ, ಅವರೇ ಸರಿ ಅನ್ನುವುದು ನನ್ನ ಅಭಿಪ್ರಾಯ.

2019ರಲ್ಲಿ ಒಂದು ಕೋಟಿ ಗೆದ್ದ ಮಹಾರಾಷ್ಟ್ರದ ಅಮರಾವತಿ ಜಿಲ್ಲೆಯ ಬಬಿತಾ ತಾಡೆ ಅವರನ್ನೇ ತೆಗೆದುಕೊಳ್ಳಿ. ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಖಿಚಡಿ ಬೇಯಿಸುವ ಕೆಲಸ, ತಿಂಗಳಿಗೆ 1,500 ರೂಪಾಯಿ. ಆ ಸಂಬಳದಲ್ಲಿ ಒಂದು ಕೋಟಿ ದುಡಿಯಬೇಕೆಂದರೆ 555 ವರ್ಷ ಬೇಕು. ಹೀಗೆ ದುಡಿದ ಒಬ್ಬ ಹೆಣ್ಣುಮಗಳಿಗೆ ‘ಸರಾಸರಿ 177.4 ಲಕ್ಷ’ ಅನ್ನುವುದು ಏನು? ಸರಾಸರಿ ಅನ್ನುವುದು ನೂರಾರು ಸಲ ಆಡುವವನಿಗೆ ಸಿಗುವ ವಸ್ತು. ಈಕೆಗೆ ಸಿಗುವುದು ಒಂದೇ ಸಲ. ನಾಲ್ಕರಲ್ಲಿ ಮೂರು ಪಾಲು ಈಕೆ ಮೂರು ಲಕ್ಷ ಚಿಲ್ಲರೆ ಹಿಡಿದುಕೊಂಡು ಊರಿಗೆ ಮರಳುತ್ತಾಳೆ, ಜೀವನವಿಡೀ ಆ ಒಂದು ಬೆರಳು ತಪ್ಪಿದ್ದನ್ನು ನೆನೆಯುತ್ತಾಳೆ. ಬಡತನದಿಂದ ಹೊರಗೆ ಬರಲು ಮೊದಲ ಕೋಟಿ ಸಾಕು. ಉಳಿದ ಆರು ಕೋಟಿ ಎಷ್ಟೇ ದೊಡ್ಡದಾಗಿರಲಿ, ಮೊದಲನೆಯದು ಮಾಡುವ ಕೆಲಸವನ್ನು ಮತ್ತೊಮ್ಮೆ ಮಾಡಲಾರದು. ಇದನ್ನೇ ಡೇನಿಯಲ್ ಬರ್ನೂಲಿ ಎಂಬ ಗಣಿತಜ್ಞ 1738ರಲ್ಲಿ ಬರೆದಿಟ್ಟಿದ್ದಾನೆ: ಹಣದ ಬೆಲೆ ಅದರ ಸಂಖ್ಯೆಯಲ್ಲಿಲ್ಲ, ಅದನ್ನು ಪಡೆಯುವವನ ಬಳಿ ಮೊದಲೇ ಎಷ್ಟಿದೆ ಅನ್ನುವುದರ ಮೇಲಿದೆ ಎಂದು. ಅವನನ್ನು ಓದದೆಯೇ ನಮ್ಮ ಸ್ಪರ್ಧಿಗಳು ಅವನ ಸೂತ್ರ ಹಾಕುತ್ತಾರೆ.

ಕಾರ್ಯಕ್ರಮದವರೂ ಇದನ್ನು ಬಲ್ಲವರೇ ಇರಬೇಕು. ಇಲ್ಲದಿದ್ದರೆ ಬಿಟ್ಟು ಎದ್ದವರನ್ನು ಹಾಗೇ ಕಳಿಸಬಹುದಿತ್ತು. ಕಳಿಸುವುದಿಲ್ಲ. “ಜಾತೇ ಜಾತೇ ಒಂದು ಉತ್ತರ ಊಹಿಸಿ ಹೇಳಿ” ಎಂದು ಬಚ್ಚನ್ ಕೇಳುತ್ತಾರೆ. ಆಟದಲ್ಲಿ ಇದಕ್ಕಿಂತ ಕ್ರೂರವಾದ ಘಳಿಗೆ ಇನ್ನೊಂದಿಲ್ಲ. 2018ರಲ್ಲಿ ಅಸ್ಸಾಮಿನ ಬಿನಿತಾ ಜೈನ್ ಒಂದು ಕೋಟಿ ಗೆದ್ದ ಮೇಲೆ ಬಂದದ್ದು ಷೇರು ಪೇಟೆಯ ಪ್ರಶ್ನೆ: 1867ರಲ್ಲಿ ಮೊದಲ ಸ್ಟಾಕ್ ಟಿಕ್ಕರ್ ಯಂತ್ರ ಕಂಡುಹಿಡಿದವರು ಯಾರು? ಅವರು ಬಿಟ್ಟರು. ಬಿಟ್ಟ ಮೇಲೆ ಊಹೆಗೆ ಹೇಳಿದ ಹೆಸರು ಎಡ್ವರ್ಡ್ ಕ್ಯಾಲಹನ್. ಅದೇ ಸರಿ ಉತ್ತರ.

ಮರುದಿನ ಬೆಳಗ್ಗೆ ಸಿಎಸ್‌ಎಂಟಿಗೆ ಹೋಗುವ ಫಾಸ್ಟ್ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮ ಗುಂಪು ವರ್ಷಗಳಿಂದ ಒಂದೇ ಜಾಗದಲ್ಲಿ ಕೂರುವ ಗುಂಪು. ಮೂರು ಜನರ ಸೀಟಿನಲ್ಲಿ ಅಂಚಿಗೆ ಒತ್ತರಿಸಿ ಕೂರುವ ‘ಚೌಥೀ ಸೀಟ್’ ಯಾವ ನಿಲ್ದಾಣದವರೆಗೆ ಯಾರದು ಅನ್ನುವುದೂ ನಮ್ಮಲ್ಲಿ ನಿಗದಿ. ಅಂದು ಗುಂಪಿನ ನರ್ಸ್ ತಾಯಿ (ಮರಾಠಿಯಲ್ಲಿ ‘ತಾಯಿ’ ಅಂದರೆ ಅಕ್ಕ) ಕೋಪದಿಂದ ಕುದಿಯುತ್ತಿದ್ದರು. ಮಾಲವಣದವರು, ಮಾತು ಖಡಕ್ಕು. “ವೇಡೀ ಆಹೇ ತೀ, ಹುಚ್ಚಿ ಅವಳು! ಗೊತ್ತಿತ್ತಲ್ಲ, ಹೇಳಬೇಕಿತ್ತು.” ಗೊತ್ತಿರಲಿಲ್ಲ, ಊಹೆ ಅದು ಅಂದೆ. “ಊಹೆ ಆದರೇನು, ಸರಿಯಾಗಿತ್ತಲ್ಲ!” ಅನ್ನುವುದು ಅವರ ವಾದ. ಪಕ್ಕದಲ್ಲಿದ್ದ ಮಂಗಳೂರಿನ ಶೆಡ್ತಿ ಆಂಟಿ, ಗಂಡನ ಹೋಟೆಲಿನ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವವರು, ಬಟಾಣಿ ಸುಲಿಯುತ್ತ ನನಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ ಹೇಳಿದರು: “ಅಲ್ಲ ಮಾರಾಯ್ತಿ, ತಪ್ಪಾಗಿದ್ದಿದ್ರೆ ಇವರೇ ಅಲ್ವಾ ಆಸೆಬುರುಕಿ ಅಂತ ಬೈತಿದ್ದದ್ದು?” ದಾದರಿಗೆ ಬರುವವರೆಗೂ ಇಡೀ ಡಬ್ಬಿ ಎರಡು ಪಕ್ಷವಾಗಿತ್ತು. ನರ್ಸ್ ತಾಯಿಯ ಪಕ್ಷದಲ್ಲಿ ಹೆಚ್ಚು ಜನ ಇದ್ದರು ಎಂದು ಒಪ್ಪಿಕೊಳ್ಳುತ್ತೇನೆ. ಫಲ ನೋಡಿ ನಿರ್ಧಾರದ ಬೆಲೆ ಕಟ್ಟುವುದು ಸುಲಭ, ನಮ್ಮ ಕಚೇರಿಗೆ ಬರುವ ಷೇರು ವ್ಯವಹಾರದವರೂ ಮಾಡುವುದು ಅದನ್ನೇ. ಲಾಭವಾದ ವರ್ಷ ಬುದ್ಧಿವಂತಿಕೆ, ನಷ್ಟವಾದ ವರ್ಷ ಹಣೆಬರಹ.

ಈ ಏಳು ಕೋಟಿಯ ಪ್ರಶ್ನೆಗಳ ಜಾತಿಯೇ ಬೇರೆ. 2021ರಲ್ಲಿ ಆಗ್ರಾದ ದೃಷ್ಟಿದೋಷವುಳ್ಳ ಶಿಕ್ಷಕಿ ಹಿಮಾನಿ ಬುಂದೇಲಾ ಒಂದು ಕೋಟಿ ಗೆದ್ದರು. ಅವರಿಗೆ ಕೊನೆಗೆ ಬಂದದ್ದು ಅಂಬೇಡ್ಕರರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಸಲ್ಲಿಸಿದ, 1923ರಲ್ಲಿ ಡಾಕ್ಟರೇಟ್ ತಂದುಕೊಟ್ಟ ಪ್ರಬಂಧದ ಹೆಸರು. ರೂಪಾಯಿಯ ಸಮಸ್ಯೆಯ ಕುರಿತದ್ದು ಅದು. ಅಂಬೇಡ್ಕರ್ ಬದುಕಿದ ದಾದರಿನ ಮೇಲೆಯೇ ದಿನಾ ಓಡಾಡುವ, ರೂಪಾಯಿಯನ್ನೇ ಎಣಿಸುವ ನನಗೆ ಅದು ಥಟ್ಟನೆ ಹೊಳೆಯಿತು. ಹೊಳೆದದ್ದು ಸೋಫಾದ ಮೇಲೆ ಕೂತಿದ್ದಕ್ಕೆ. ಆ ಕುರ್ಚಿಯಲ್ಲಿ ಕೂತಿದ್ದರೆ ನನ್ನ ಮನೆಯ ಪಿನ್‌ಕೋಡ್ ಕೇಳಿದರೂ ಒಂದು ಲೈಫ್‌ಲೈನ್ ತೆಗೆದುಕೊಳ್ಳುತ್ತಿದ್ದೆ.

ಮೊದಲ ಕೋಟಿಯ ಪ್ರಶ್ನೆ ಇದಕ್ಕೆ ಹೋಲಿಸಿದರೆ ಸಭ್ಯವಾಗಿತ್ತು. 2000ದಲ್ಲಿ ಹರ್ಷವರ್ಧನ ನವಾಥೆ ಎಂಬ ಮುಂಬಯಿಯ ಹುಡುಗ, ಐಎಎಸ್ ಪರೀಕ್ಷೆಗೆ ಓದುತ್ತಿದ್ದವನು, ಎದುರಿಸಿದ್ದು ಸಂವಿಧಾನದ ಪ್ರಶ್ನೆ. ಸಂಸತ್ತಿನ ಕಲಾಪದಲ್ಲಿ ಭಾಗವಹಿಸಲು ಇವರಲ್ಲಿ ಯಾರಿಗೆ ಅವಕಾಶವಿದೆ? ಅಟಾರ್ನಿ ಜನರಲ್. ಓದಿದವನಿಗೆ ಗೊತ್ತಿರುವ, ಗೊತ್ತಿರಬೇಕಾದ ಸಂಗತಿ. ಅಂದು ಅವನು ‘ಆಡುವುದು’ ಜೂಜಾಗಿರಲಿಲ್ಲ.

ಆಡಿ ಗೆದ್ದವರಲ್ಲಿ ಮಾವನ ಮನಸ್ಸಿನಲ್ಲಿ ಉಳಿದವನು ಸುಶೀಲ್ ಕುಮಾರ್. 2011ರಲ್ಲಿ ಐದು ಕೋಟಿ ಗೆದ್ದ ಬಿಹಾರದ ಮೋತಿಹಾರಿಯವನು, ನರೇಗಾ ಯೋಜನೆಯಲ್ಲಿ ತಿಂಗಳಿಗೆ ಆರು ಸಾವಿರಕ್ಕೆ ಕಂಪ್ಯೂಟರ್ ಆಪರೇಟರ್. 1868ರಲ್ಲಿ ನಿಕೋಬಾರ್ ದ್ವೀಪಗಳನ್ನು ಬ್ರಿಟಿಷರಿಗೆ ಮಾರಿದ ದೇಶ ಡೆನ್ಮಾರ್ಕ್ ಎಂದು ಹೇಳಿ ಗೆದ್ದ. ಆ ಕಂತು ಮುಗಿದಾಗ ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದರು, ನಮ್ಮ ಮನೆಯವನೇ ಗೆದ್ದ ಹಾಗೆ. 2020ರಲ್ಲಿ ಅವನು ತಾನೇ ಫೇಸ್‌ಬುಕ್‌ನಲ್ಲಿ ಬರೆದುಕೊಂಡ: ಗೆದ್ದ ಮೇಲಿನ ವರ್ಷಗಳೇ ತನ್ನ ಬದುಕಿನ ಅತಿ ಕೆಟ್ಟ ಕಾಲ, ಮೋಸಹೋದೆ, ಕುಡಿತಕ್ಕೆ ಬಿದ್ದೆ, ಆಮೇಲೆ ಸುಧಾರಿಸಿಕೊಂಡೆ ಎಂದು. ಚಂಪಾರಣ್‌ನಲ್ಲಿ ಮನೆಮನೆಗೆ ಚಂಪಾ ಗಿಡ ನೆಡಿಸುವ ಕೆಲಸ ಹಿಡಿದ. ನನ್ನ ಗಂಡ ಆ ಬರಹ ಓದಿ ಹೇಳಿದಾಗ ಮಾವ ಹಳೆಯ ಡೈರಿ ಹುಡುಕಿ ತೆಗೆದರು. ಸುಶೀಲನ ಹೆಸರಿನ ಮುಂದೆ ಷರಾದಲ್ಲಿ ‘ಭಲೇ’ ಎಂದಿತ್ತು. ಅದರ ಕೆಳಗೆ ಬೇರೆ ಶಾಯಿಯಲ್ಲಿ ‘ಗಿಡ ಹಚ್ಚತಾನ’ ಎಂದು ಸೇರಿಸಿದರು. ಒಂದು ಪದದ ನಿಯಮ ಮುರಿದದ್ದು ಅಪರೂಪಕ್ಕೆ.

ಅಮೆರಿಕದ ಟಿವಿ ಕ್ವಿಜ್ ‘ಜೆಪರ್ಡಿ’ಯಲ್ಲಿ ಈ ಡೈರಿಯ ಕೆಲಸ ಬೇರೆಯೇ ಆಗುತ್ತಿತ್ತು. ಅಲ್ಲಿ ಗೆದ್ದವರು ಮರುದಿನವೂ ಬರುತ್ತಾರೆ, ಸೋಲುವವರೆಗೆ ಬರುತ್ತಲೇ ಇರುತ್ತಾರೆ. ಕೆನ್ ಜೆನ್ನಿಂಗ್ಸ್ 2004ರಲ್ಲಿ ಸತತವಾಗಿ 74 ಆಟ ಗೆದ್ದ. 2019ರಲ್ಲಿ ಬಂದ ಜೇಮ್ಸ್ ಹೋಲ್ಟ್ಸ್‌ಹೌವರ್ ವೃತ್ತಿಯಿಂದಲೇ ಬೆಟ್ಟಿಂಗ್‌ನವನು. ದುಡ್ಡಿನ ದೊಡ್ಡ ಚೌಕಗಳನ್ನು ಮೊದಲು ಬಾಚಿಕೊಂಡು, ಪಣಕ್ಕಿಡುವ ಅವಕಾಶ ಸಿಕ್ಕಾಗ ದೊಡ್ಡ ಮೊತ್ತವನ್ನೇ ಒಡ್ಡಿ, ಒಂದೇ ಆಟದಲ್ಲಿ 1,31,127 ಡಾಲರ್ ಗೆದ್ದ. ನಾಳೆ ಇನ್ನೊಂದು ಆಟ ಇದೆ ಅನ್ನುವವನಿಗೆ ಸರಾಸರಿ ಅನ್ನುವುದು ನಿಜವಾಗಿಯೂ ಸಿಗುತ್ತದೆ. ನಮ್ಮಲ್ಲಿ ಕಂತಿನ ಸಮಯ ಮುಗಿದು ಹೂಟರ್ ಕೂಗಿ ಆಟ ಅರ್ಧಕ್ಕೆ ನಿಂತರೆ ಮಾತ್ರ ಮರುದಿನ ಬರುತ್ತಾರೆ, ಆಮೇಲೆ ಮುಖ ಕಾಣುವುದಿಲ್ಲ. ಗೋರೆಗಾಂವ್ ಫಿಲ್ಮ್ ಸಿಟಿಯಿಂದ ಊರಿಗೆ ಹೋಗುವ ಗಾಡಿ ಹತ್ತಿದರೆ ಮುಗಿಯಿತು. ನಾವು ಅವರ ಮಗಳ ಮದುವೆ, ಮನೆಯ ಸಾಲ, ಅಪ್ಪನ ಡಯಾಲಿಸಿಸ್ ಎಲ್ಲವನ್ನೂ ತಿಳಿದುಕೊಂಡಿರುತ್ತೇವೆ. ಈಚಿನ ಸೀಸನ್‌ಗಳಲ್ಲಿ ಅದು ಸ್ವಲ್ಪ ಅತಿಯೇ ಆಗಿದೆ ಅನ್ನಿ. ಪಿಟೀಲು ಕೊಯ್ಯುತ್ತ ತೋರಿಸುವ ಊರಿನ ವಿಡಿಯೋ ಬಂದ ಕೂಡಲೇ ಮಾವ ನೀರು ಕುಡಿಯಲು ಏಳುತ್ತಾರೆ.

ಈಗ 2022ರ ವಿಷಯ. ಇದನ್ನು ಹೇಳದೆ ಬಿಟ್ಟರೆ ಮನೆಯವರು ನನ್ನನ್ನು ಕ್ಷಮಿಸುವುದಿಲ್ಲ.

ಸ್ವಾತಂತ್ರ್ಯದ 75ನೇ ವರ್ಷ ಎಂದು ಆ ಸೀಸನ್‌ನಲ್ಲಿ ಕೊನೆಯ ಬಹುಮಾನ ಏಳೂವರೆ ಕೋಟಿ, ಜೊತೆಗೆ 75 ಲಕ್ಷದ್ದೊಂದು ಹೊಸ ಪಡಾವು. ಒಂದು ಕೋಟಿ ಗೆದ್ದ ಮೇಲೆ ಮುಂದಿನದು ತಪ್ಪಿದರೂ 75 ಲಕ್ಷ ಖಾತ್ರಿ. ಗಣಿತದ ದೃಷ್ಟಿಯಿಂದ ಇದು ಹುಚ್ಚು ಉದಾರ ನಿಯಮ: 25 ಲಕ್ಷ ಕಳೆದುಕೊಳ್ಳುವ ಅಪಾಯಕ್ಕೆ ಆರೂವರೆ ಕೋಟಿಯ ಆಸೆ. ಆ ಸೀಸನ್‌ನ ಮೊದಲ ಕೋಟಿ ಗೆದ್ದವರು ಕೊಲ್ಲಾಪುರದ ಕವಿತಾ ಚಾವ್ಲಾ, ಹನ್ನೆರಡನೇ ತರಗತಿಯವರೆಗೆ ಓದಿದ ಗೃಹಿಣಿ, 2000ದಿಂದಲೂ ಈ ಕುರ್ಚಿಗಾಗಿ ಪ್ರಯತ್ನಿಸುತ್ತ ಬಂದವರು. ಕೊಲ್ಲಾಪುರ ಅಂದರೆ ನಮ್ಮ ಅತ್ತೆಗೆ ಬೆಳಗಾವಿಯ ಪಕ್ಕದ ಮನೆ, ಮಹಾಲಕ್ಷ್ಮಿಯ ಊರು. ಆದ್ದರಿಂದ ಮೊದಲಿನಿಂದಲೂ ನಮ್ಮ ಪೂರ್ತಿ ಓಟು ಕವಿತಾಗೆ.

ಏಳೂವರೆ ಕೋಟಿಯ ಪ್ರಶ್ನೆ ಪರದೆಯ ಮೇಲೆ ಬಂತು. ಪ್ರಥಮ ದರ್ಜೆ ಕ್ರಿಕೆಟ್ಟಿನ ಪದಾರ್ಪಣೆಯಲ್ಲೇ ದ್ವಿಶತಕ ಹೊಡೆದ ಮೊದಲ ಭಾರತೀಯ ಗುಂಡಪ್ಪ ವಿಶ್ವನಾಥ್. ಅದು ಯಾವ ತಂಡದ ವಿರುದ್ಧ?

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. ಮೊಣಕಾಲು ನೋವಿನ ಮನುಷ್ಯ, ಏಳುವಾಗ ಎರಡೂ ಕೈ ಊರಿ ‘ಯಪ್ಪಾ’ ಎಂದು ಏಳುವವರು, ಅಂದು ಹೇಗೆ ಎದ್ದರೋ ಗೊತ್ತಿಲ್ಲ. “ಆಂಧ್ರಾ! ಆಂಧ್ರಾ!” ಆಯ್ಕೆಗಳು ಇನ್ನೂ ಪೂರ್ತಿ ಮೂಡಿರಲಿಲ್ಲ. ಭದ್ರಾವತಿಯ ಹುಡುಗ, ಮೈಸೂರು ತಂಡ, 1967, ಆಂಧ್ರದ ಮೇಲೆ 230. ನಿನ್ನೆ ಸಂಜೆ ರೇಡಿಯೋದಲ್ಲಿ ಕೇಳಿದ ಹಾಗೆ ಒಂದೇ ಉಸಿರಿಗೆ ಹೇಳಿದರು. ಕರ್ನಾಟಕ ಎಂಬ ಹೆಸರೇ ಇನ್ನೂ ಬಂದಿರದ ಕಾಲ ಅದು, ಮಾವ ಮೀಸೆ ಮೂಡುತ್ತಿದ್ದ ಹುಡುಗ. ಎರಡು ವರ್ಷದ ಮೇಲೆ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ, ಎರಡನೇ ಇನ್ನಿಂಗ್ಸಿನಲ್ಲಿ ವಿಶ್ವನಾಥ್ 137 ಹೊಡೆದದ್ದನ್ನೂ ಆ ಭರದಲ್ಲೇ ಹೇಳಿ ಮುಗಿಸಿದರು. ಅಷ್ಟರಲ್ಲಿ ಮಗ ‘ತಾತಾ, ಏಳೂವರೆ ಕೋಟಿ!’ ಎಂದು ಅವರ ಬೆನ್ನ ಮೇಲೆ ಜೋತುಬಿದ್ದಿದ್ದ, ನನ್ನ ಗಂಡ ಟಿವಿಯ ಫೋಟೋ ತೆಗೆಯುತ್ತಿದ್ದರು, ಅತ್ತೆ ಮಾತ್ರ “ಸುಮ್ನಿರ್ರಿ, ಆಕಿ ಏನಂತಾಳ ಕೇಳೂಣು” ಎಂದು ಗದರಿದರು.

ಆಕೆ ಬಿಟ್ಟರು.

ಒಂದು ಕೋಟಿಯೊಂದಿಗೆ ಎದ್ದರು. ಮನೆಯಲ್ಲಿ ಎಲ್ಲರೂ ಅಯ್ಯೋ ಅಂದೆವು. ಮಗನಂತೂ ಅದು ತನ್ನದೇ ದುಡ್ಡು ಎಂಬಂತೆ ಕಾಲು ಅಪ್ಪಳಿಸಿದ. ಇಂಥ ಸುಲಭ ಪ್ರಶ್ನೆ, ಅದೂ ತಪ್ಪಿದರೂ ಮುಕ್ಕಾಲು ಕೋಟಿ ಇರುವಾಗ! ನಾನೂ ಒಳಗೊಳಗೇ ನರ್ಸ್ ತಾಯಿಯ ಪಕ್ಷ ಸೇರಿದ್ದೆ. ಮಾವ ಮತ್ತೆ ಕೂತು, ಕನ್ನಡಕ ಹಾಕಿಕೊಂಡು, ಡೈರಿ ತೆರೆದು ‘ಬಿ’ ಎಂದು ಬರೆದರು. ಷರಾದಲ್ಲಿ ‘ಶ್ಯಾಣೇಕಿ’.

“ಮಾಮಾ, ಇಷ್ಟು ಸುಲಭದ ಪ್ರಶ್ನೆ ಬಿಟ್ಟದ್ದಕ್ಕೆ ಶ್ಯಾಣೇಕಿ ಅಂತೀರಲ್ಲ?” ಅಂದೆ.

“ನನಗ ಗೊತ್ತೈತಿ ಅಂತ ಸುಲಭಾತು ಯವ್ವಾ. ಆಕಿಗೆ ಗೊತ್ತಿಲ್ಲಲ್ಲ. ಗೊತ್ತಿಲ್ಲ ಅನ್ನೂದು ಆಕಿಗೆ ಗೊತ್ತಿತ್ತು. ಇಪ್ಪತ್ತೈದು ಲಕ್ಷ ಅಂದ್ರ ಏನ್ ಕಡ್ಲಿಪುಟಾಣಿ ಏನು?”

ಅವರ ಇಡೀ ಪಿಎಫ್ ಮೊತ್ತ ಅದಕ್ಕಿಂತ ಕಡಿಮೆಯಿತ್ತು. ಅದರಲ್ಲಿ ನಮ್ಮ ಈ ಮನೆ ಬಂದದ್ದು. ನಾನು ಕಾಗದದ ಮೇಲೆ ‘25 ಲಕ್ಷದ ಅಪಾಯ’ ಎಂದು ಸಲೀಸಾಗಿ ಬರೆದದ್ದು ಆ ಮೊತ್ತವನ್ನು.

ಕನ್ನಡದ ಕ್ವಿಜ್‌ಗಳ ವಿಷಯ ಬಂದರೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಅತ್ತೆ ಪುನೀತ್ ಪಕ್ಷ. 2012ರಲ್ಲಿ ಸುವರ್ಣದಲ್ಲಿ ‘ಕನ್ನಡದ ಕೋಟ್ಯಧಿಪತಿ’ ಬಂದಾಗ, ಹಿಂದಿಯಲ್ಲಿ ಅರ್ಧಂಬರ್ಧ ತಿಳಿಯುತ್ತಿದ್ದ ಆಟ ಅವರಿಗೆ ಪೂರ್ತಿ ದಕ್ಕಿತು. ಮರುವರ್ಷ ಮರಾಠಿಯದೂ ಬಂತು, ಸಚಿನ್ ಖೇಡೇಕರ್ ನಡೆಸಿಕೊಟ್ಟದ್ದು. ಪಕ್ಕದ ಮನೆಯ ಕಾಕೂ ಅದನ್ನು ನೋಡಿ ಬಂದು ಅತ್ತೆಯ ಜೊತೆ ಪ್ರಶ್ನೆ ಹಂಚಿಕೊಳ್ಳುತ್ತಿದ್ದರು. 2021ರ ಅಕ್ಟೋಬರ್ 29ರಂದು ಪುನೀತ್ ಹೋದ ಸುದ್ದಿ ಬಂದಾಗ ಅತ್ತೆ ಸಿನಿಮಾದ ಪುನೀತನನ್ನು ನೆನೆಸಲಿಲ್ಲ. “ಸೋತವರನ್ನ ಕೈ ಹಿಡಿದು ಬಾಗಿಲತನಕ ಕಳಸ್ತಿದ್ದ ಹುಡುಗ” ಅಂದರು.

ಮಾವ ಚಂದನದ ‘ಥಟ್ ಅಂತ ಹೇಳಿ’ ಪಕ್ಷ. ಡಾ. ನಾ. ಸೋಮೇಶ್ವರ 2002ರಿಂದ ನಡೆಸಿಕೊಂಡು ಬಂದದ್ದು. ಆದರೆ ಮುಂಬಯಿಯಲ್ಲಿ ಅದನ್ನು ನೋಡುವುದೇ ಒಂದು ಸಾಹಸವಾಗಿತ್ತು. ಕೇಬಲ್ ಕಾಯ್ದೆ ಹೇಳುವುದು ದೂರದರ್ಶನದ ಆಯಾ ರಾಜ್ಯದ ಭಾಷೆಯ ಚಾನೆಲ್ಲನ್ನು ತೋರಿಸಿ ಎಂದು. ಮಹಾರಾಷ್ಟ್ರದಲ್ಲಿ ಅದು ಮರಾಠಿಯ ಸಹ್ಯಾದ್ರಿ. ಚಂದನ ತೋರಿಸುವುದು ಬಿಡುವುದು ಕೇಬಲಿನವನ ಮರ್ಜಿ. ಮಾವ ವಾರವಾರ ಅವನ ಅಂಗಡಿಗೆ ಹೋಗಿ, ನಮ್ಮ ಕಟ್ಟಡದಲ್ಲಿ ಎಷ್ಟು ಕನ್ನಡ ಮನೆಗಳಿವೆ ಎಂದು ಹೆಸರು ಬರೆದುಕೊಟ್ಟು, ಕೊನೆಗೆ ಅವನ ಮಗನ ಸ್ಕೂಟರಿನ ಬ್ರೇಕು ರಿಪೇರಿ ಮಾಡಿಕೊಟ್ಟ ಮೇಲೆ, ಚಂದನ ಬಂತು. ಚುಕ್ಕಿಚುಕ್ಕಿಯಾಗಿ ಬಂತು, ಆದರೆ ಬಂತು.

ಆ ಕಾರ್ಯಕ್ರಮದಲ್ಲಿ ಡೈರಿಗೆ ಕೆಲಸವಿಲ್ಲ. ಸರಿ ಉತ್ತರ ಹೇಳಿದರೆ ಪುಸ್ತಕ ಬಹುಮಾನ. ತಪ್ಪಾದರೆ ಮೊದಲು ಗೆದ್ದ ಪುಸ್ತಕವನ್ನು ಕಸಿದುಕೊಳ್ಳುವುದಿಲ್ಲ. ಪಡಾವು ಇಲ್ಲ, ಬಿಡುವ ಪ್ರಶ್ನೆಯೂ ಇಲ್ಲ. ಗೊತ್ತಿಲ್ಲದ್ದಕ್ಕೆ ಡಾಕ್ಟರು ಸಮಾಧಾನವಾಗಿ ವಿವರಣೆ ಕೊಟ್ಟು ಮುಂದಿನದಕ್ಕೆ ಹೋಗುತ್ತಾರೆ. ನನ್ನಂಥವಳಿಗೆ ಇಲ್ಲಿ ಎದೆ ಹೊಡೆದುಕೊಳ್ಳುವಂಥದ್ದು ಏನೂ ಇಲ್ಲ ಅನ್ನಿಸುತ್ತಿತ್ತು. ಮಾವನಿಗೆ ಅದೇ ಇಷ್ಟ. ಎದೆ ಹೊಡೆದುಕೊಳ್ಳುವುದಕ್ಕೆ ಲೋಕಲ್ ಟ್ರೇನ್ ಸಾಲದೇ ಅನ್ನುತ್ತಾರೆ.

ಎರಡನ್ನೂ ಕಲಸಿ ನೋಡುವ ಆಸೆ ನನಗೆ. ನಮ್ಮ ಕಡೆಯ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಕ್ವಿಜ್ ನಡೆಸುವ ಹೊಣೆ ನನಗೆ ಬಂದಾಗ ನಿಯಮ ಹೀಗೆ ಮಾಡಿದೆ: ಬಹುಮಾನ ಪುಸ್ತಕವೇ, ಆದರೆ ಒಂದು ಗೆದ್ದ ಮೇಲೆ ಎತ್ತಿಕೊಂಡು ಹೋಗಬಹುದು, ಇಲ್ಲವೆ ಮುಂದೆ ಆಡಬಹುದು. ಮುಂದಿನದು ಸರಿಯಾದರೆ ಎರಡು ಪುಸ್ತಕ, ತಪ್ಪಾದರೆ ಇದ್ದದ್ದೂ ಇಲ್ಲ. ಮೇಜಿನ ಮೇಲೆ ಪುಸ್ತಕಗಳನ್ನು ಹರಡಿ, ಬೇಕಾದ್ದನ್ನು ಆರಿಸಿಕೊಳ್ಳಿ ಎಂದೆವು. ಮಕ್ಕಳೆಲ್ಲ ಆಡಿದರು, ಒಬ್ಬರೂ ಬಿಡಲಿಲ್ಲ, ಬಹುತೇಕ ಎಲ್ಲರೂ ಸೋತು ನಗುತ್ತ ಹೋಗಿ ವಡಾಪಾವ್ ತಿಂದರು. ಅವರಲ್ಲಿ ಅರ್ಧ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಪುಸ್ತಕ ಕಳೆದುಕೊಳ್ಳುವ ಭಯ ಎಲ್ಲಿಂದ ಬರಬೇಕು? ದೊಡ್ಡವರ ಸುತ್ತಿನಲ್ಲಿ ಗದಗದ ಕಡೆಯ ಒಬ್ಬ ಅಜ್ಜಿ ಬಂದರು. ಮೊದಲ ಪ್ರಶ್ನೆಗೆ, ಕರ್ನಾಟಕ ಎಂದು ರಾಜ್ಯಕ್ಕೆ ಹೆಸರಾದ ವರ್ಷ ಯಾವುದು ಎಂಬುದಕ್ಕೆ, 1973 ಎಂದು ಸರಿಯಾಗಿ ಹೇಳಿ, ಮೇಜಿನಿಂದ ದಪ್ಪನೆಯ ಅಡುಗೆ ಪುಸ್ತಕ ಎತ್ತಿಕೊಂಡು ಹೊರಟರು.

“ಅಜ್ಜೀ, ಇನ್ನೊಂದು ಆಡ್ರಿ, ಎರಡು ಸಿಗ್ತಾವ” ಎಂದು ಮೈಕಿನಲ್ಲೇ ಕರೆದೆ.

“ಇನ್ನೊಂದು ಮಾಡ್ಕೊಳ್ಳಾಕ ಮೇಜಿನ ಮ್ಯಾಲೆ ಏನೈತಿ?” ಅಂದರು. ನೋಡಿದರೆ ಉಳಿದವೆಲ್ಲ ಸಂಘದವರು ಯಾರಿಂದಲೋ ದಾನ ತಂದಿದ್ದ ಅಭಿನಂದನ ಗ್ರಂಥಗಳು. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಮಾವ ಚಪ್ಪಾಳೆ ತಟ್ಟಿದರು, ಅಭಿನಂದಿತರಲ್ಲಿ ಇಬ್ಬರು ವೇದಿಕೆಯ ಮೇಲೆಯೇ ಇದ್ದರು ಅನ್ನುವುದನ್ನು ಲೆಕ್ಕಿಸದೆ. ಅಜ್ಜಿಯನ್ನು ನೋಡಿ ಆಮೇಲೆ ಬಂದವರೂ ಒಂದೊಂದೇ ಉತ್ತರ ಹೇಳಿ ಬಿಟ್ಟು ಹೋಗತೊಡಗಿದರು, ಹಲವರು ಪುಸ್ತಕವನ್ನೂ ಬಿಟ್ಟರು. ಒಂದು ಗಂಟೆಯ ಕಾರ್ಯಕ್ರಮ ಇಪ್ಪತ್ತು ನಿಮಿಷಕ್ಕೆ ಮುಗಿದು, ಊಟದ ಕೇಟರಿಂಗಿನವನು ಇನ್ನೂ ಬಂದಿರಲಿಲ್ಲವಾದ್ದರಿಂದ ಅಧ್ಯಕ್ಷರು ಎದ್ದು ನಿಂತು ಮತ್ತೆ ಭಾಷಣ ಮಾಡಬೇಕಾಯಿತು. ಮುಂದಿನ ವರ್ಷ ಬಿಡುವ ನಿಯಮ ಬೇಡ ಎಂದು ಸಮಿತಿ ಠರಾವು ಮಾಡಿದೆ, ಅಡುಗೆ ಪುಸ್ತಕಗಳನ್ನು ಹೆಚ್ಚು ತರಿಸಿ ಎಂಬ ನನ್ನ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ.